ಖಾಲಿ ಸೈಟು ಬಡಾವಣೆಯ ತೋಟವಾಗಬೇಕೇ? ಗಿಡ ಆಮೇಲೆ ತನ್ನಿ

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಅಂಥದ್ದೊಂದು ಸೈಟು ಇದ್ದೇ ಇರುತ್ತದೆ. ಎರಡು ಮಹಡಿ ಮನೆಗಳ ನಡುವೆ 30×40 ಅಡಿ ಜಾಗ. ಮುಂದೆ ಕಸದ ಕವರುಗಳು. ಹಿಂದೆ ಯಾರೋ ಬಚ್ಚಲುಮನೆ ಒಡೆಸಿ ತಂದು ಸುರಿದ ಟೈಲ್ಸ್ ಚೂರು. ನಡುವೆ ಎದೆಯೆತ್ತರ ಕಾಂಗ್ರೆಸ್ ಗಿಡ. ಇಷ್ಟರ ಮೇಲೆ ‘ಈ ಸೈಟು ಮಾರಾಟಕ್ಕಿಲ್ಲ’ ಅನ್ನುವ ಬೋರ್ಡು ಬೇರೆ.

ನೋಡಿ ನೋಡಿ ಬೇಜಾರಾಗಿ, ಇಲ್ಲೊಂದು ತೋಟ ಮಾಡಬಾರದಾ ಅಂತ ನಾಲ್ಕು ಮನೆಯವರಿಗೆ ಅನ್ನಿಸುತ್ತದೆ. ಜೂನ್ 5ರ ಪರಿಸರ ದಿನಕ್ಕೆ ಇಪ್ಪತ್ತು ಗಿಡ ತಂದು ನೆಡುತ್ತಾರೆ. ಫೋಟೋ ತೆಗೆಸಿಕೊಳ್ಳುತ್ತಾರೆ. ಮಾರ್ಚ್ ಹೊತ್ತಿಗೆ ಇಪ್ಪತ್ತು ಒಣಕಡ್ಡಿ ನಿಂತಿರುತ್ತವೆ. ನೀರು ಹಾಕಲಿಲ್ಲ ಅನ್ನುವುದು ಒಂದು ಕಾರಣ, ನಿಜ. ಆದರೆ ಅದಕ್ಕೂ ಮೊದಲು ಜಾಗ ಯಾರದ್ದು ಅಂತ ಯಾರೂ ವಿಚಾರಿಸಿರುವುದಿಲ್ಲ. ಕೆಳಗೆ ಮಣ್ಣಿದೆಯೋ ಕಾಂಕ್ರೀಟಿದೆಯೋ ನೋಡಿರುವುದಿಲ್ಲ. ದಿನಾ ಅಲ್ಲಿಗೆ ಯಾರು ಬರುತ್ತಾರೆ ಅನ್ನುವುದು ಗೊತ್ತಿರುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ಗಿಡದ ಮಾತು ಅರ್ಧ ದಾರಿ ದಾಟಿದ ಮೇಲೆ ಬರುತ್ತದೆ. ಸ್ವಲ್ಪ ತಾಳ್ಮೆ ಇರಲಿ.

ಮೊದಲು ಕಾಗದ: ಜಾಗ ಯಾರದ್ದು?

ಸೈಟಿನ ನಡುವೆ ನಿಂತು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆಯಿರಿ. ಕಂದಾಯ ಇಲಾಖೆಯವರೇ ಮಾಡಿದ್ದು, ದುಡ್ಡು ಕೊಡಬೇಕಾಗಿಲ್ಲ. ನೀವು ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಹಳೆಯ ದಾಖಲೆಯಲ್ಲಿ ಅದು ಕೆರೆ ಅಂಗಳವೋ, ರಾಜಕಾಲುವೆಯೋ, ಗೋಮಾಳವೋ ಅನ್ನುವ ಅಂದಾಜು ಅಲ್ಲೇ ಸಿಗುತ್ತದೆ. ಇದೇ ಕೊನೆಯ ಮಾತಲ್ಲ. ಎಲ್ಲಿಂದ ಹುಡುಕಾಟ ಶುರು ಮಾಡಬೇಕು ಅನ್ನುವುದು ಗೊತ್ತಾಗುತ್ತದೆ, ಅಷ್ಟೇ.

ಆಮೇಲೆ ಬಡಾವಣೆಯ ನಕ್ಷೆ ಹುಡುಕಿ. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಡಾವಣೆಯಾದರೆ ಅವರ ಕಚೇರಿಯಲ್ಲಿ, ಗೃಹ ನಿರ್ಮಾಣ ಸಹಕಾರ ಸಂಘದ ಬಡಾವಣೆಯಾದರೆ ಸಂಘದಲ್ಲಿ ಇರುತ್ತದೆ. ಬಡಾವಣೆಯ ಹಳಬರನ್ನು ಕೇಳಿದರೆ ಸೈಟು ಕೊಂಡಾಗ ಸಿಕ್ಕ ನಕ್ಷೆಯನ್ನು ಬೀರುವಿನಿಂದ ಮಡಿಕೆ ಮಡಿಕೆಯಾಗಿ ತೆಗೆದುಕೊಡುತ್ತಾರೆ. ನಕ್ಷೆಯಲ್ಲಿ ನಿಮ್ಮ ಜಾಗ ಮೂರರಲ್ಲಿ ಒಂದಾಗಿರುತ್ತದೆ. ನಂಬರಿರುವ ಖಾಸಗಿ ಸೈಟು, ‘ಪಾರ್ಕ್’ ಅಂತ ಬರೆದ ಜಾಗ, ಇಲ್ಲವೇ ‘ಸಿಎ’, ಅಂದರೆ ನಾಗರಿಕ ಸೌಕರ್ಯ, ಅಂತ ಬರೆದ ಜಾಗ.

ಬಿಡಿಎ ಕಾಯ್ದೆಯ ಪ್ರಕಾರ ಬಡಾವಣೆಯ ಒಟ್ಟು ಜಾಗದಲ್ಲಿ ಕನಿಷ್ಠ ಶೇ 15 ಪಾರ್ಕು ಮತ್ತು ಆಟದ ಮೈದಾನಕ್ಕೆ, ಅದರ ಜತೆಗೆ ಶೇ 10 ನಾಗರಿಕ ಸೌಕರ್ಯಕ್ಕೆ ಬಿಡಬೇಕು. ಈ ಎರಡನ್ನೂ ಒಂದೇ ಅಂದುಕೊಂಡರೆ ಎಡವಟ್ಟಾಗುತ್ತದೆ. ಸಿಎ ಸೈಟನ್ನು ಶಾಲೆ, ಆಸ್ಪತ್ರೆ, ಗ್ರಂಥಾಲಯದಂಥ ಕೆಲಸಕ್ಕೆ ಸಂಸ್ಥೆಗಳಿಗೆ ಲೀಸಿಗೆ ಕೊಡುತ್ತಾರೆ. ನೀವು ಹತ್ತು ವರ್ಷ ಹೊಂಗೆ ಬೆಳೆಸಿದ ಮೇಲೂ ಯಾರಿಗಾದರೂ ಹಂಚಿಕೆ ಆಗಬಹುದು. ಪಾರ್ಕಿನ ಜಾಗದ ಕಥೆ ಬೇರೆ. ಅದನ್ನು ಇನ್ನೊಂದಕ್ಕೆ ಬಳಸಲು ಕಾನೂನು ಬಿಡುವುದಿಲ್ಲ. 1985ರ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಸಂರಕ್ಷಣಾ ಕಾಯ್ದೆಯ ಬಲವೂ ಇದೆ.

ಇದು ಬರೀ ಪುಸ್ತಕದ ಮಾತೇನೂ ಅಲ್ಲ. ಸದಾಶಿವನಗರ ಅಂತ ನಾವು ಕರೆಯುವ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟಿದ್ದ ಜಾಗವನ್ನು ಒಂದು ಮೆಡಿಕಲ್ ಟ್ರಸ್ಟಿಗೆ ನರ್ಸಿಂಗ್ ಹೋಂ ಕಟ್ಟಲು ಕೊಡಲಾಗಿತ್ತು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ತೀರ್ಪು ಕೊಟ್ಟಿತು. ಪಾರ್ಕಿನ ಜಾಗ ಉಳಿಸಿಕೊಳ್ಳಲು ಹೊರಟವರು ಇವತ್ತಿಗೂ ಆ ತೀರ್ಪಿನ ಪ್ರತಿ ಹಿಡಿದುಕೊಂಡೇ ಹೋಗುತ್ತಾರೆ. ನೀವೂ ಒಂದು ಪ್ರತಿ ಇಟ್ಟುಕೊಳ್ಳಿ.

ಕಚೇರಿಯಲ್ಲಿ ಬಾಯಿಮಾತಿಗೆ ಉತ್ತರ ಸಿಗದಿದ್ದರೆ ಆರ್‌ಟಿಐ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದ ಒಳಗೆ. ಆದ್ದರಿಂದ ಬಡಾವಣೆಯ ಕಷ್ಟಸುಖವೆಲ್ಲ ಬರೆಯಬೇಡಿ. ‘ಇಂಥ ರಸ್ತೆಯ ಇಂಥ ನಂಬರಿನ ಪಕ್ಕದ ಜಾಗ ಅನುಮೋದಿತ ನಕ್ಷೆಯಲ್ಲಿ ಯಾವುದಕ್ಕೆ ಮೀಸಲು? ನಕ್ಷೆಯ ದೃಢೀಕೃತ ಪ್ರತಿ ಕೊಡಿ’ ಅಂದರೆ ಸಾಕು. ಇನ್ನೊಂದು ವಿಷಯ. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರ ಕೆಳಗೆ ಐದು ನಗರ ಪಾಲಿಕೆಗಳು ಬಂದಿವೆ. ಅರ್ಜಿ ಹಾಕುವ ಮೊದಲು ನಿಮ್ಮ ಬೀದಿ ಯಾವ ಪಾಲಿಕೆಗೆ ಸೇರಿದೆ ನೋಡಿಕೊಳ್ಳಿ. ಇಲ್ಲದಿದ್ದರೆ ಅರ್ಜಿ ಕಚೇರಿಯಿಂದ ಕಚೇರಿಗೆ ಪ್ರವಾಸ ಮಾಡುತ್ತದೆ.

ಪಾರ್ಕಿನ ಜಾಗ ಅಂತ ಖಚಿತವಾದರೆ ಪಾಲಿಕೆಯ ತೋಟಗಾರಿಕೆ ವಿಭಾಗಕ್ಕೆ ಬಡಾವಣೆ ಸಂಘದ ಲೆಟರ್‌ಹೆಡ್ಡಿನಲ್ಲಿ ಅರ್ಜಿ ಕೊಡಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಸಂಘ ಇಲ್ಲವಾ? ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ಏಳು ಜನ ಸೇರಿದರೆ ಸಂಘ ಆಗುತ್ತದೆ. ಬ್ಯಾಂಕ್ ಖಾತೆ ತೆರೆಯುವುದಕ್ಕೂ ಮುಂದೆ ಇದು ಬೇಕಾಗುತ್ತದೆ.

ಖಾಸಗಿ ಸೈಟಾದರೆ ಮಾಲೀಕರ ಭಯ ಅರ್ಥ ಮಾಡಿಕೊಳ್ಳಿ

ಖಾಲಿ ಸೈಟುಗಳಲ್ಲಿ ಜಾಸ್ತಿ ಇರುವುದು ಖಾಸಗಿಯವೇ. ಮಾಲೀಕರು ಅಮೆರಿಕದಲ್ಲಿರುತ್ತಾರೆ, ಇಲ್ಲವೇ ಮಗಳ ಮದುವೆಗೆ ಮಾರೋಣ ಅಂತ ಇಟ್ಟುಕೊಂಡಿರುತ್ತಾರೆ. ಬೋರ್ಡಿನ ಮೇಲೆ ಫೋನ್ ನಂಬರಿದ್ದರೆ ಕೆಲಸ ಸಲೀಸು. ಇಲ್ಲದಿದ್ದರೆ ಉಪನೋಂದಣಾಧಿಕಾರಿ ಕಚೇರಿಯ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದರೆ ಕೊನೆಗೆ ಯಾರ ಹೆಸರಿಗೆ ನೋಂದಣಿ ಆಗಿದೆ ಗೊತ್ತಾಗುತ್ತದೆ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಿನಲ್ಲೂ ಸಿಗುತ್ತದೆ.

ಫೋನ್ ಮಾಡಿ ‘ನಿಮ್ಮ ಸೈಟಿನಲ್ಲಿ ತೋಟ ಮಾಡಬೇಕು ಸಾರ್’ ಅಂದ ಕೂಡಲೇ ಅವರಿಗೆ ಕೇಳಿಸುವುದು ‘ನಿಮ್ಮ ಸೈಟು ಹೊಡಿಯಬೇಕು ಅಂತಿದ್ದೀವಿ’ ಅಂತ. ತಪ್ಪು ತಿಳಿಯಬೇಡಿ, ಈ ಊರಿನಲ್ಲಿ ಆ ಭಯ ಸಹಜ. ಹನ್ನೆರಡು ವರ್ಷ ಯಾರಾದರೂ ಜಾಗ ಅನುಭವಿಸಿದರೆ ಅವರದ್ದೇ ಆಗುತ್ತದೆ ಅಂತ ಎಲ್ಲರೂ ಕೇಳಿರುತ್ತಾರೆ. ಆ ಕಾನೂನು ಇರುವುದು ಮಾಲೀಕರ ಒಪ್ಪಿಗೆ ಇಲ್ಲದೆ, ಅವರ ಹಕ್ಕನ್ನೇ ಅಲ್ಲಗಳೆದು ಕೂತವರ ವಿಚಾರಕ್ಕೆ. ಅನುಮತಿ ಪಡೆದು ಬಳಸುವವರಿಗೆ ಅದು ಅನ್ವಯಿಸುವುದಿಲ್ಲ. ಅಂದರೆ ನೀವು ಬರೆದುಕೊಡುವ ಕಾಗದವೇ ಅವರಿಗೆ ರಕ್ಷಣೆ. ಮೊದಲ ಫೋನಿನಲ್ಲೇ ಇದನ್ನು ಹೇಳಿ.

ಕಾಗದದಲ್ಲಿ ಇಷ್ಟಿರಲಿ. ಜಾಗ ಇಂಥವರದ್ದು, ಬಳಸಲು ಅನುಮತಿ ಮಾತ್ರ ಕೊಟ್ಟಿದ್ದಾರೆ, ಬಾಡಿಗೆ ಇಲ್ಲ. ಅವಧಿ 11 ತಿಂಗಳು, ಆಮೇಲೆ ಹೊಸ ಕಾಗದ. ಪಕ್ಕಾ ಕಟ್ಟಡ ಏನೂ ಕಟ್ಟುವುದಿಲ್ಲ. ಎರಡು ತಿಂಗಳು ಮುಂಚೆ ಹೇಳಿದರೆ ತೆರವು ಮಾಡಿಕೊಡುತ್ತೇವೆ. ಛಾಪಾ ಕಾಗದದಲ್ಲಿ ಬರೆದು, ಪರಿಚಯದ ವಕೀಲರಿಗೆ ಒಮ್ಮೆ ತೋರಿಸಿ, ಎರಡು ಪ್ರತಿ ಮಾಡಿ. ಜತೆಗೆ ಸೈಟಿನ ಈಗಿನ ಫೋಟೋ ಮತ್ತು ಸುತ್ತಳತೆ ಇರಲಿ. ಕಸ, ಹಾವು, ಪಾಲಿಕೆಯ ನೋಟಿಸು ಇದ್ಯಾವುದರ ತಲೆನೋವೂ ಇಲ್ಲದೆ ಸೈಟು ಕ್ಲೀನಾಗಿರುತ್ತದೆ ಅನ್ನುವುದು ಅವರಿಗಾಗುವ ಲಾಭ. ಅದನ್ನೂ ಹೇಳಿ.

ಖಾಸಗಿ ಸೈಟಿನಲ್ಲಿ ದೊಡ್ಡ ಮರ ನೆಡಲೇಬೇಡಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ. ನೀವು ಒಳ್ಳೆ ಮನಸ್ಸಿನಿಂದ ನಾಲ್ಕು ಹೊಂಗೆ ನೆಟ್ಟರೆ, ನಾಳೆ ಮನೆ ಕಟ್ಟುವಾಗ ಮಾಲೀಕರು ಕಚೇರಿ ಅಲೆಯಬೇಕು. ಆ ಸುದ್ದಿ ಹಬ್ಬಿದರೆ ನಿಮ್ಮ ಬಡಾವಣೆಯಲ್ಲಿ ಇನ್ಯಾರೂ ಸೈಟು ಕೊಡುವುದಿಲ್ಲ. ಎರವಲು ಜಾಗಕ್ಕೆ ಸೊಪ್ಪು, ತರಕಾರಿ, ಬಾಳೆ, ಪಪ್ಪಾಯಿ, ಹೂವಿನ ಗಿಡ. ಮರದ ಆಸೆ ಪಾರ್ಕಿನ ಜಾಗಕ್ಕೆ ಇರಲಿ.

ಈಗಾಗಲೇ ಅಲ್ಲಿ ಯಾರಿದ್ದಾರೆ?

ಖಾಲಿ ಸೈಟು ಅಂತ ನಾವು ಅನ್ನುತ್ತೇವೆ. ಅದು ಖಾಲಿ ಇರುವುದೇ ಇಲ್ಲ. ಒಂದು ವಾರ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ಸುಮ್ನೆ ನಿಂತು ನೋಡಿ. ಬೆಳಗ್ಗೆ ಹಾಲು ಕರೆದ ಮೇಲೆ ಹಸು ಕಟ್ಟುವವರು ಬರುತ್ತಾರೆ. ಭಾನುವಾರ ಹುಡುಗರ ಕ್ರಿಕೆಟ್ಟು. ರಾತ್ರಿ ಎರಡು ಓಲಾ ಕಾರು. ಮುಂದಿನ ಮೂಲೆಯಲ್ಲಿ ಮರದ ನೆರಳಿಗೆ ಇಸ್ತ್ರಿ ಗಾಡಿ.

ಇಸ್ತ್ರಿ ಗಾಡಿಯವರನ್ನು ಯಾವ ಕಾರಣಕ್ಕೂ ಎಬ್ಬಿಸಬೇಡಿ. ಬೆಳಗ್ಗೆಯಿಂದ ಸಂಜೆವರೆಗೆ ಆ ಜಾಗದ ಮೇಲೆ ಕಣ್ಣಿಟ್ಟಿರುವವರು ಅವರೊಬ್ಬರೇ. ಯಾರು ಯಾವ ಹೊತ್ತಿಗೆ ಕಸ ಎಸೆದು ಹೋಗುತ್ತಾರೆ ಅನ್ನುವುದು ಬೈಕಿನ ಬಣ್ಣದ ಸಮೇತ ಅವರಿಗೆ ಗೊತ್ತು. ಗಾಡಿಗೆ ಒಂದು ಚಪ್ಪಡಿ ಹಾಸಿ ಗಟ್ಟಿ ಜಾಗ ಮಾಡಿಕೊಟ್ಟರೆ ನಿಮಗೆ ಸಂಬಳವಿಲ್ಲದ ಕಾವಲು ಸಿಕ್ಕ ಹಾಗೆ. ಹಸುವಿನ ಮಾಲೀಕರನ್ನೂ ಮಾತಾಡಿಸಿ. ಪೇಟೆಯಲ್ಲಿ ಸಗಣಿ ದುಡ್ಡು ಕೊಟ್ಟರೂ ಸಿಗುವುದಿಲ್ಲ, ಅವರಿಗೆ ಅದನ್ನು ಎಲ್ಲಿ ಹಾಕುವುದು ಅನ್ನುವುದೇ ಚಿಂತೆ.

ಕ್ರಿಕೆಟ್ ಹುಡುಗರ ವಿಷಯ ಸ್ವಲ್ಪ ಕಷ್ಟ. 30×40ರಲ್ಲಿ ತೋಟವೂ ಕ್ರಿಕೆಟ್ಟೂ ಎರಡೂ ಆಗುವುದಿಲ್ಲ. ಸೈಟು ಅವರಿಗಿರುವ ಒಂದೇ ಆಟದ ಜಾಗವಾದರೆ ತೋಟಕ್ಕೆ ಬೇರೆ ಸೈಟು ನೋಡಿ ಅನ್ನುವುದು ನನ್ನ ಅಭಿಪ್ರಾಯ. ಮಕ್ಕಳನ್ನು ಓಡಿಸಿ ಮಾಡಿದ ತೋಟಕ್ಕೆ ಬಡಾವಣೆಯ ಅರ್ಧ ಮನೆಗಳು ಮೊದಲ ದಿನದಿಂದಲೇ ವಿರೋಧ. ದೊಡ್ಡ ಜಾಗವಾದರೆ ಆಟಕ್ಕೆ ನಡುವೆ ಬಿಟ್ಟು, ಗಿಡಗಳನ್ನು ಅಂಚಿಗೆ ತೆಗೆದುಕೊಂಡು ಹೋಗಿ.

ಕಸ ಎತ್ತುವುದು ಒಂದು ದಿನದ ಕೆಲಸ, ನಿಲ್ಲಿಸುವುದು ಆರು ತಿಂಗಳ ಕೆಲಸ

ಕಸ ಬೀಳುವ ಜಾಗಕ್ಕೆ ಪಾಲಿಕೆಯವರು ಬ್ಲ್ಯಾಕ್ ಸ್ಪಾಟ್ ಅನ್ನುತ್ತಾರೆ. ಯಾಕೆ ಅಲ್ಲೇ ಬೀಳುತ್ತದೆ? ಬಹಳ ಸಲ ಕಾರಣ ಸರಳ. ಆಟೋ ಟಿಪ್ಪರ್ ಒಂಬತ್ತು ಗಂಟೆಗೆ ಬರುತ್ತದೆ, ಪಿಜಿಯ ಹುಡುಗರು ಎಂಟಕ್ಕೇ ಕೆಲಸಕ್ಕೆ ಹೋಗಿರುತ್ತಾರೆ. ಕವರು ಬೈಕಿನ ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಬಂದು, ಕತ್ತಲಿದ್ದ ಕಡೆ ಎಸೆದು ಹೋಗುತ್ತಾರೆ. ಅವರಿಗೆ ಬೈಯುವುದಕ್ಕಿಂತ ಪಿಜಿ ಮಾಲೀಕರ ಹತ್ತಿರ ಮಾತಾಡಿ, ಅಲ್ಲೇ ಎರಡು ಡಬ್ಬ ಇಡಿಸಿ, ಟಿಪ್ಪರ್‌ನವರಿಗೆ ಅಲ್ಲಿ ನಿಲ್ಲಿಸಲು ಹೇಳಿದರೆ ಅರ್ಧ ಕಸ ಕಡಿಮೆಯಾಗುತ್ತದೆ.

ಬೆಂಗಳೂರಿನಲ್ಲಿ 2010ರಿಂದ ‘ದಿ ಅಗ್ಲಿ ಇಂಡಿಯನ್’ ಅನ್ನುವ ಗುಂಪಿನವರು ತಮ್ಮ ಹೆಸರು ಹೇಳಿಕೊಳ್ಳದೆ ಇಂಥ ಜಾಗಗಳನ್ನು ಸರಿಮಾಡುತ್ತಾ ಬಂದಿದ್ದಾರೆ. ಅವರು ಮಾಡುವುದು ಇಷ್ಟೇ: ಕಸ ಎತ್ತಿದ ದಿನವೇ ಗೋಡೆಗೆ ಬಣ್ಣ ಬಳಿದು, ಗಿಡದ ಕುಂಡ ಇಟ್ಟು, ಜಾಗದ ಚಹರೆಯನ್ನೇ ಬದಲಾಯಿಸುತ್ತಾರೆ. ನೀವೂ ಹಾಗೇ ಮಾಡಿ. ಎತ್ತಿದ ದಿನ ಸಂಜೆಯೇ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕಿ, ಒಂದು ದೀಪ ಉರಿಯುವಂತೆ ಮಾಡಿ. ಮುಂದಿನ ಎರಡು ವಾರ ಬೆಳಗ್ಗೆ ಮತ್ತು ರಾತ್ರಿ ಊಟದ ಹೊತ್ತಿನ ನಂತರ ಯಾರಾದರೂ ಇಬ್ಬರು ಅಲ್ಲಿ ನಿಂತು ಮಾತಾಡುತ್ತಿರಬೇಕು. ಒಂದು ಕವರು ಬಿದ್ದರೂ ಅರ್ಧ ಗಂಟೆಯಲ್ಲಿ ಎತ್ತಬೇಕು. ಒಂದರ ಪಕ್ಕಕ್ಕೇ ಇನ್ನೊಂದು ಬೀಳುವುದು.

ಸ್ವಚ್ಛ ಮಾಡುವ ದಿನಕ್ಕೆ ದಪ್ಪ ಕೈಗವಸು ಮತ್ತು ಗಟ್ಟಿ ಶೂ ಇಲ್ಲದವರನ್ನು ಒಳಗೆ ಬಿಡಬೇಡಿ. ಗಾಜು, ಬ್ಲೇಡು, ಕೆಲವೊಮ್ಮೆ ಸಿರಿಂಜೂ ಇರುತ್ತದೆ. ಮೊದಲು ಉದ್ದದ ಕೋಲಿನಿಂದ ಪೊದೆಗಳನ್ನು ಬಡಿಯುತ್ತಾ ಹೋಗಿ. ಇಟ್ಟಿಗೆ ರಾಶಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಹಾವು ಕಂಡರೆ ಎಲ್ಲರೂ ಹಿಂದೆ ಸರಿದು ಹಾವು ಹಿಡಿಯುವ ಪರಿಣತರನ್ನು ಕರೆಯಿರಿ. ಯಾರೂ ಶೂರರಾಗುವುದು ಬೇಡ. ಒಣ ಕಸಕ್ಕೆ ಬೆಂಕಿ ಹಚ್ಚುವ ಸಲಹೆ ಗ್ಯಾರಂಟಿ ಬರುತ್ತದೆ, ಒಪ್ಪಬೇಡಿ. ಪ್ಲಾಸ್ಟಿಕ್ ಹೊಗೆ ನೇರ ಪಕ್ಕದ ಮನೆಯ ಕಿಟಕಿಗೆ ಹೋಗುತ್ತದೆ, ಸಂಬಂಧ ಅಲ್ಲಿಗೆ ಮುಗಿಯಿತು.

ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ, ಮಳೆ ಬಂದು ಮಣ್ಣು ಒದ್ದೆ ಇದ್ದಾಗ ಬೇರು ಸಮೇತ ಕೀಳಿ. ಬರೀ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಮೈಕೈ ತುರಿಕೆ, ಉಬ್ಬಸ ಇರುವವರು ದೂರ ಇರಲಿ. ಹೂ ಬಂದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಮುಂದಿನ ವರ್ಷಕ್ಕೆ ನೀವೇ ಬೀಜ ಬಿತ್ತಿದ ಹಾಗೆ.

ಹಾರೆ ಹಾಕಿ ನೋಡಿ

ಮಣ್ಣು ಹೇಗಿದೆ ಅನ್ನುವುದು ಮೇಲೆ ನೋಡಿದರೆ ಗೊತ್ತಾಗುವುದಿಲ್ಲ. ನಾಲ್ಕೈದು ಕಡೆ ಹಾರೆ ಹಾಕಿ ಎರಡು ಅಡಿ ಆಳ ತೋಡಿಸಿ. ಠಣ್ ಅಂದರೆ ಕಾಂಕ್ರೀಟು, ಕರಕರ ಅಂದರೆ ಜಲ್ಲಿ ಟೈಲ್ಸು, ದಪ್ ಅಂದರೆ ಮಣ್ಣು. ಸಾಮಾನ್ಯವಾಗಿ ಮೇಲಿನ ಅರ್ಧ ಅಡಿಯಲ್ಲಿ ಹಾಲಿನ ಕವರು, ಗುಟ್ಕಾ ಚೀಟಿ. ಅದರ ಕೆಳಗೆ ಒಂದು ಅಡಿ ಸಿಮೆಂಟಿನ ಗಟ್ಟಿ, ಇಟ್ಟಿಗೆ ಪುಡಿ. ಅದರ ಕೆಳಗೆ ಒಳ್ಳೆ ಕೆಮ್ಮಣ್ಣು ಕಾಯುತ್ತಾ ಕೂತಿರುತ್ತದೆ. ಆ ಗುಂಡಿಗೆ ಒಂದು ಬಕೆಟ್ ನೀರು ಹಾಕಿ. ಒಂದೆರಡು ಗಂಟೆಯಲ್ಲಿ ಇಂಗಿದರೆ ಒಳ್ಳೆಯದು. ಮಾರನೇ ದಿನವೂ ನಿಂತೇ ಇದ್ದರೆ ಅಲ್ಲಿ ಗಿಡದ ಬೇರು ಕೊಳೆಯುತ್ತದೆ, ಮೊದಲು ಆ ಗಟ್ಟಿ ಪದರ ಒಡೆಸಬೇಕು.

ಡೆಬ್ರಿಸ್ ಪೂರ್ತಿ ತೆಗೆಸುವಷ್ಟು ದುಡ್ಡು ಇಲ್ಲದಿದ್ದರೆ ಪೂರ್ತಿ ತೆಗೆಸಬೇಡಿ. ದೊಡ್ಡ ಕಾಂಕ್ರೀಟು ತುಂಡುಗಳನ್ನು ಮಾತ್ರ ಆರಿಸಿ, ಚೂರು ಇಟ್ಟಿಗೆಯನ್ನು ಓಡಾಡುವ ದಾರಿಯ ಕೆಳಗೆ ತುಂಬಿಸಿ. ಗಿಡ ಬರುವ ಪಾತಿಗಳನ್ನು ಮಾತ್ರ ಒಳ್ಳೆ ಮಣ್ಣಿನಿಂದ ಎತ್ತರಿಸಿ. 30×40ರಲ್ಲಿ 300 ಚದರ ಅಡಿ ಪಾತಿ ಮಾಡಿದಿರಿ ಅಂದುಕೊಳ್ಳಿ. ಅದಕ್ಕೆ ಎರಡು ಇಂಚು ಗೊಬ್ಬರ ಹರಡಲು 50 ಘನ ಅಡಿ, ಅಂದರೆ ಹೆಚ್ಚುಕಡಿಮೆ ಮುಕ್ಕಾಲು ಟನ್ ಬೇಕು. ಇಷ್ಟು ಲೆಕ್ಕ ಇಟ್ಟುಕೊಂಡು ಹೋದರೆ ಲೋಡಿನವರು ಟೋಪಿ ಹಾಕುವುದು ಕಷ್ಟ.

ಜಾಗ ಮೊದಲು ಗ್ಯಾರೇಜೋ ಬ್ಯಾಟರಿ ಅಂಗಡಿಯೋ ಆಗಿದ್ದರೆ ಆ ಮಣ್ಣಿನಲ್ಲಿ ಸೊಪ್ಪು ಬೆಳೆದು ತಿನ್ನಬೇಡಿ. ಸೀಸ ಇರುವ ಸಾಧ್ಯತೆ ಇದೆ. ಅಂಥ ಕಡೆ ಹೂವಿನ ಗಿಡ ಸಾಕು.

ಮಣ್ಣು ಬರಡಾಗಿದ್ದರೆ ಮೊದಲ ಮಳೆಗೆ ಹುರುಳಿ ಅಥವಾ ಸೆಣಬು ಎರಚಿಬಿಡಿ. ಹೂ ಬರುವ ಹೊತ್ತಿಗೆ, ಅಂದರೆ ಸುಮಾರು ಒಂದೂವರೆ ತಿಂಗಳಿಗೆ, ಕತ್ತರಿಸಿ ಅಲ್ಲೇ ಮಣ್ಣಿಗೆ ಸೇರಿಸಿ. ನಮ್ಮ ರೈತರು ಹಿಂದಿನಿಂದ ಮಾಡಿಕೊಂಡು ಬಂದಿದ್ದೇ ಇದು. ಚೀಲದ ಗೊಬ್ಬರಕ್ಕಿಂತ ಅಗ್ಗ.

ನೀರಿನ ಲೆಕ್ಕ ಮೊದಲೇ ಹಾಕಿ

2024ರ ಮಾರ್ಚ್ ನೆನಪಿದೆ ಅಲ್ವಾ? ಬೆಂಗಳೂರಿಗೆ ನೀರಿಲ್ಲದೆ, ಗಿಡಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಕಾವೇರಿ ನಲ್ಲಿಯನ್ನು ನಂಬಿ ತೋಟ ಮಾಡುವ ಹಾಗಿಲ್ಲ.

ಮಳೆ ಮಾತ್ರ ಧಾರಾಳವಾಗಿ ಬರುತ್ತದೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 30×40 ಸೈಟು ಅಂದರೆ ಸುಮಾರು 111 ಚದರ ಮೀಟರ್. ಒಂದು ಸಂಜೆ 50 ಮಿಲಿಮೀಟರ್ ಸುರಿದರೆ ಆ ಸೈಟಿನ ಮೇಲೇ ಐದೂವರೆ ಸಾವಿರ ಲೀಟರ್ ಬಿದ್ದಿರುತ್ತದೆ. ದುಡ್ಡು ಕೊಟ್ಟು ತರಿಸುವ ಒಂದು ಟ್ಯಾಂಕರ್ ನೀರು ಅದು. ಅಷ್ಟೂ ಚರಂಡಿಗೆ ಹೋಗದಂತೆ ನೋಡಿಕೊಳ್ಳಬೇಕು. ಸೈಟಿನ ತಗ್ಗು ಮೂಲೆಯಲ್ಲಿ 3 ಅಡಿ ಅಗಲ, 20 ಅಡಿ ಆಳದ ಇಂಗುಬಾವಿ ತೋಡಿಸಿದರೆ ಒಮ್ಮೆಗೆ ನಾಲ್ಕು ಸಾವಿರ ಲೀಟರ್ ಹಿಡಿಯುತ್ತದೆ, ಆಮೇಲೆ ನಿಧಾನಕ್ಕೆ ಇಂಗುತ್ತದೆ. ಈ ಕೆಲಸಕ್ಕೆ ತಲೆತಲಾಂತರದಿಂದ ಬಾವಿ ತೋಡುವ ಮಣ್ಣು ವಡ್ಡರನ್ನೇ ಹುಡುಕಿ. ಯಾವ ಮಣ್ಣು ಕುಸಿಯುತ್ತದೆ, ಎಲ್ಲಿ ರಿಂಗ್ ಇಳಿಸಬೇಕು ಅನ್ನುವುದು ಅವರ ಕೈಗೆ ಗೊತ್ತು. ಬಾವಿಗೆ ಗಟ್ಟಿ ಮುಚ್ಚಳ ಹಾಕದೆ ಒಂದು ರಾತ್ರಿಯೂ ಬಿಡಬೇಡಿ. ಎರವಲು ಸೈಟಿನಲ್ಲಿ ಮಾಲೀಕರು ಒಪ್ಪಿದರೆ ಮಾತ್ರ ಇದು.

ಬೇಸಿಗೆಗೆ ಹತ್ತಿರದ ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ನೀರು ಕೇಳಿ. ಎಷ್ಟೋ ಕಡೆ ಶುದ್ಧೀಕರಿಸಿದ ನೀರನ್ನು ಏನು ಮಾಡುವುದು ತಿಳಿಯದೆ ಚರಂಡಿಗೆ ಬಿಡುತ್ತಾರೆ. ಮರ, ಹೂವಿನ ಗಿಡಕ್ಕೆ ಸರಿ. ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ. ಆರ್‌ಓ ಮೆಷಿನ್ ಹೊರಗೆ ಬಿಡುವ ನೀರನ್ನೂ ದಿನಾ ಹಾಕಬೇಡಿ, ಬೋರ್‌ವೆಲ್ ನೀರಿನ ಮನೆಯದ್ದಾದರೆ ಉಪ್ಪು ಜಾಸ್ತಿ. ಅಕ್ಕಿ, ತರಕಾರಿ ತೊಳೆದ ನೀರು ಒಳ್ಳೆಯದು.

ಹೊಸ ಗಿಡಕ್ಕೆ ಮೊದಲ ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ಹತ್ತು–ಹದಿನೈದು ಲೀಟರ್ ಬೇಕು. ಹತ್ತು ಗಿಡವಿದ್ದರೆ ವಾರಕ್ಕೆ 200–300 ಲೀಟರ್. ಅದನ್ನು ಹೊತ್ತು ಹಾಕುವವರು ಎಷ್ಟು ಜನ ಇದ್ದಾರೆ ಎಣಿಸಿ, ಆಮೇಲೆ ಎಷ್ಟು ಗಿಡ ಅಂತ ತೀರ್ಮಾನ ಮಾಡಿ. ಉಲ್ಟಾ ಮಾಡಿದ್ದಕ್ಕೇ ಒಣಕಡ್ಡಿಗಳು.

ಈಗ ಗಿಡ

ಬೆಂಗಳೂರಿನಲ್ಲಿ ಮೃಗಶಿರಾ, ಆರಿದ್ರಾ ಮಳೆ ಹಿಡಿದ ಮೇಲೆ, ಅಂದರೆ ಜೂನ್ ನಡುವಿನಿಂದ ಜುಲೈ ಕೊನೆವರೆಗೆ ನೆಟ್ಟರೆ ಸೆಪ್ಟೆಂಬರ್–ಅಕ್ಟೋಬರಿನ ದೊಡ್ಡ ಮಳೆ ಪೂರ್ತಿ ಗಿಡಕ್ಕೆ ಸಿಗುತ್ತದೆ. ಗುಂಡಿ ಎರಡು ಅಡಿ ಉದ್ದ, ಅಗಲ, ಆಳ. ಮೇಲ್ಮಣ್ಣು, ಗೊಬ್ಬರ, ಒಂದು ಬೊಗಸೆ ಬೇವಿನ ಹಿಂಡಿ. ಗಿಡದ ಪ್ಲಾಸ್ಟಿಕ್ ಕವರನ್ನು ತೆಗೆದು ನೆಡಿ. ಹೇಳಬೇಕಾ ಅನ್ನಿಸಬಹುದು. ನೆಡುವ ಸಂಭ್ರಮದಲ್ಲಿ ಕವರು ಸಮೇತ ನೆಟ್ಟಿರುವುದನ್ನು ಎಷ್ಟು ಸಲ ಕಂಡಿದ್ದೇನೋ.

ಪಾರ್ಕಿನ ಜಾಗಕ್ಕೆ ಹೊಂಗೆ, ಬೇವು, ನೇರಳೆ, ಸಂಪಿಗೆ. ಒಂದರಿಂದ ಇನ್ನೊಂದಕ್ಕೆ ಹದಿನೈದು–ಇಪ್ಪತ್ತು ಅಡಿ. ಬೇಗ ನೆರಳು ಬೇಕಾದರೆ ಒಂದು ಗಸಗಸೆ ಹಣ್ಣಿನ ಮರ ಹಾಕಿ. ಎರಡು ಮೂರು ವರ್ಷದಲ್ಲಿ ಕೊಡೆಯಂತೆ ಹರಡುತ್ತದೆ. ಚೆರ್ರಿಯಂಥ ಕೆಂಪು ಹಣ್ಣಿಗೆ ಮಕ್ಕಳೂ ಹಕ್ಕಿಗಳೂ ಜಗಳ ಆಡುತ್ತವೆ. ಕೊಂಬೆ ಮೆದು, ಹತ್ತಲು ಬಿಡಬೇಡಿ. ಕರೆಂಟಿನ ತಂತಿಯ ಕೆಳಗೆ ಮರವೇ ಬೇಡ, ದಾಸವಾಳ, ನಿಂಬೆ ಸಾಕು. ನಿಂಬೆ, ಕರಿಬೇವಿನ ಎಲೆ ಮೇಲೆ ಚಿಟ್ಟೆಗಳು ಮೊಟ್ಟೆ ಇಡುತ್ತವೆ. ಎಲೆ ತಿನ್ನುವ ಹುಳ ಕಂಡ ಕೂಡಲೇ ಔಷಧಿ ಹೊಡೆಯಬೇಡಿ, ಅದೇ ನಾಳೆಯ ಚಿಟ್ಟೆ. ಕಣಗಿಲೆ ನೋಡಲು ಚೆಂದ, ಆದರೆ ವಿಷ. ಮಕ್ಕಳು ಬರುವ ಜಾಗಕ್ಕೆ ಬೇಡ.

ಅರಳಿ ಮರ ನೆಡಬೇಕು ಅಂತ ಒಬ್ಬರಾದರೂ ಹೇಳುತ್ತಾರೆ. ಹಳ್ಳಿಯ ಅರಳಿಕಟ್ಟೆಯೇ ನಮ್ಮ ಹಳೆಯ ಸಾರ್ವಜನಿಕ ತೋಟ, ಒಪ್ಪಿದೆ. ಆದರೆ ಅದರ ಬೇರು ಪಕ್ಕದ ಮನೆಯ ಪಾಯ ಬಿಡುವುದಿಲ್ಲ. ಇನ್ನೊಂದೂ ಇದೆ. ಅರಳಿ ಬಂದರೆ ಕಟ್ಟೆ ಬರುತ್ತದೆ, ಕಟ್ಟೆ ಬಂದರೆ ನಾಗರಕಲ್ಲು, ಆಮೇಲೆ ಶೀಟು, ಗೇಟು, ಹುಂಡಿ. ಹತ್ತು ವರ್ಷದಲ್ಲಿ ತೋಟ ಎಲ್ಲಿತ್ತು ಅಂತ ಹುಡುಕಬೇಕು. ದೇವರ ಮೇಲೆ ಸಿಟ್ಟಿಲ್ಲ, ಜಾಗ ಚಿಕ್ಕದು.

ಹೂವಿನ ಗಿಡ ಹಾಕಿದರೆ ಬೆಳಗ್ಗೆ ಐದೂವರೆಗೆ ಕವರು, ಕೊಕ್ಕೆ ಕೋಲು ಹಿಡಿದು ಬರುವ ಭಕ್ತರ ವಿಷಯವನ್ನೂ ಯೋಚಿಸಬೇಕು. ಬೋರ್ಡು ಹಾಕಿ ಪ್ರಯೋಜನವಿಲ್ಲ. ಪಾರಿಜಾತ ನೆಡಿ. ಅದು ತಾನಾಗಿ ಉದುರುತ್ತದೆ, ನೆಲಕ್ಕೆ ಬಿದ್ದ ಹೂವೂ ಪೂಜೆಗೆ ಸಲ್ಲುತ್ತದೆ, ಕೊಂಬೆ ಮುರಿಯುವ ಮಾತೇ ಇಲ್ಲ. ಬೇಲಿಯ ಹೊರಗೆ ಎರಡು ದಾಸವಾಳ ಅವರಿಗಂತಲೇ ಇರಲಿ.

ಹುಲ್ಲುಹಾಸು ಬೇಡ. ನೀರು ಜಾಸ್ತಿ ಕುಡಿಯುತ್ತದೆ, ಕತ್ತರಿಸಲು ಆಳು ಬೇಕು, ಕೊನೆಗೆ ‘ಹುಲ್ಲಿನ ಮೇಲೆ ನಡೆಯಬೇಡಿ’ ಅಂತ ಬೋರ್ಡು ಬರುತ್ತದೆ. ಗರಿಕೆ ತಾನಾಗಿ ಬರುತ್ತದೆ. ಗಣೇಶನ ಹಬ್ಬಕ್ಕೂ ಆಯಿತು.

ಎರವಲು ಸೈಟಿನವರು ದಂಟು, ಮೆಂತ್ಯ, ಹರಿವೆ, ಬಸಳೆಯಿಂದ ಶುರು ಮಾಡಿ. ತಿಂಗಳೊಳಗೆ ಕೈಗೆ ಏನಾದರೂ ಸಿಕ್ಕರೆ ಜನ ಮತ್ತೆ ಬರುತ್ತಾರೆ. ಮಳೆಗಾಲದಲ್ಲಿ ಬೇಲಿಗುಂಟ ಅವರೆ ಹಬ್ಬಿಸಿದರೆ ಡಿಸೆಂಬರಿಗೆ ಸೊಗಡಿನ ಅವರೆಕಾಯಿ. ಆಗ ಬಡಾವಣೆಯಲ್ಲಿ ತೋಟಕ್ಕೆ ವಿರೋಧ ಇರುವವರು ಯಾರೂ ಉಳಿಯುವುದಿಲ್ಲ.

ಬೇಲಿ, ಬೆಂಚು, ಎಲೆ ಗೊಬ್ಬರ

ಬೇಲಿ ಸೊಂಟದೆತ್ತರ ಸಾಕು, ರಸ್ತೆಯಿಂದ ಒಳಗೆ ಕಾಣುತ್ತಿರಬೇಕು. ಎತ್ತರದ ಗೋಡೆಯ ಹಿಂದೆ ರಾತ್ರಿ ಬಾಟಲಿ ಸೇರುತ್ತವೆ. ಕಲ್ಲು ಕಂಬ, ಜಾಲರಿ, ಬೀಗ ಇಲ್ಲದ ಗೇಟು. ಬೆಂಚಿಗೆ ಎರಡು ಗಟ್ಟಿ ಕಲ್ಲು, ಮೇಲೊಂದು ಚಪ್ಪಡಿ. ಬಣ್ಣ ಬಳಿದ ಟೈರಿನಲ್ಲಿ ಗಿಡ ನೆಡುವ ಶೋಕಿ ಇದ್ದರೆ ಕೆಳಗೆ ತೂತು ಕೊರೆಯಿರಿ. ನೀರು ಒಂದು ವಾರ ನಿಂತರೆ ಡೆಂಗಿ ಸೊಳ್ಳೆ ತಯಾರು. ಎಳನೀರಿನ ಬುರುಡೆಗೂ ಇದೇ ಮಾತು.

ಮೂಲೆಯಲ್ಲಿ ಜಾಲರಿಯನ್ನು ನಾಲ್ಕು ಅಡಿ ಅಗಲಕ್ಕೆ ದುಂಡಗೆ ಸುತ್ತಿ ನಿಲ್ಲಿಸಿ, ರಸ್ತೆಯ ಒಣಗಿದ ಎಲೆ ತುಂಬಿ. ನಡುನಡುವೆ ಸಗಣಿ ನೀರು ಅಥವಾ ಹುಳಿ ಮಜ್ಜಿಗೆ ಎರಚಿ, ತೇವ ಆರದಂತೆ ನೋಡಿಕೊಂಡರೆ ನಾಲ್ಕೈದು ತಿಂಗಳಲ್ಲಿ ಕಪ್ಪು ಗೊಬ್ಬರ. ಪೌರಕಾರ್ಮಿಕರಿಗೆ ಇದನ್ನು ತೋರಿಸಿ ಹೇಳಿ. ಗುಡಿಸಿದ ಎಲೆ ಸುರಿಯಲು ಹತ್ತಿರದಲ್ಲೇ ಜಾಗ ಸಿಕ್ಕರೆ ಅವರಿಗೂ ಎಳೆದಾಟ ಕಡಿಮೆ.

ದುಡ್ಡು, ಸರದಿ, ಜಗಳ

ಮನೆಗಿಷ್ಟು ಅಂತ ತಿಂಗಳ ಸಣ್ಣ ಮೊತ್ತ ಎತ್ತಿ, ಲೆಕ್ಕವನ್ನು ಗೇಟಿನ ಪಕ್ಕದ ಬೋರ್ಡಿನಲ್ಲೇ ಬರೆಯಿರಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ ಲೆಕ್ಕ ಗುಡ್ ಮಾರ್ನಿಂಗ್ ಮೆಸೇಜುಗಳ ಕೆಳಗೆ ಹೂತು ಹೋಗುತ್ತದೆ. ನೀರು ಹಾಕುವ ಸರದಿಯನ್ನು ದಿನಕ್ಕಿಬ್ಬರಂತೆ ಇಡಿ, ಒಬ್ಬರು ಊರಿಗೆ ಹೋದರೆ ಇನ್ನೊಬ್ಬರು. ಏಪ್ರಿಲ್–ಮೇನಲ್ಲಿ ಅರ್ಧ ಬಡಾವಣೆ ಊರಿಗೆ ಹೋಗಿರುತ್ತದೆ, ಗಿಡಕ್ಕೆ ನೀರು ಬೇಕಾಗುವುದೂ ಆಗಲೇ. ಆ ಎರಡು ತಿಂಗಳಿಗೆ ಮಾತ್ರ ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳಿ.

ಜಗಳ ಬರುವುದು ಫಸಲಿಗೆ. ನುಗ್ಗೆಕಾಯಿ ಯಾರಿಗೆ, ಬಾಳೆಗೊನೆ ಯಾರಿಗೆ? ನೆಡುವ ದಿನವೇ ತೀರ್ಮಾನ ಮಾಡಿ. ಆ ವಾರ ಕೆಲಸಕ್ಕೆ ಬಂದವರಿಗೆ ಮೊದಲ ಪಾಲು, ಇಸ್ತ್ರಿ ಗಾಡಿಯವರಿಗೂ ಪೌರಕಾರ್ಮಿಕರಿಗೂ ಒಂದು ಪಾಲು ಅನ್ನುವ ಪದ್ಧತಿ ನನಗೆ ಸರಿ ಕಂಡಿದೆ. ಕರಿಬೇವಿಗೆ ಪಾಲು ಬೇಡ, ‘ಎಲೆ ಕಿತ್ತುಕೊಳ್ಳಿ, ಕೊಂಬೆ ಮುರಿಯಬೇಡಿ’ ಅಂತ ಒಂದು ಚೀಟಿ ಸಾಕು.

ಮಾಲೀಕರು ಮನೆ ಕಟ್ಟಲು ಬಂದಾಗ

ಎರವಲು ಸೈಟಿಗೆ ಈ ದಿನ ಬಂದೇ ಬರುತ್ತದೆ. ಎರಡು ತಿಂಗಳ ನೋಟಿಸು ಬಂದ ಕೂಡಲೇ ಹೊಸ ಬಿತ್ತನೆ ನಿಲ್ಲಿಸಿ. ಬಾಳೆಯ ಕಂದು, ಕರಿಬೇವಿನ ಬುಡದಲ್ಲಿ ಎದ್ದ ಮರಿ, ನುಗ್ಗೆ ಕೊಂಬೆ, ಬಸಳೆ ಬಳ್ಳಿ ಇವೆಲ್ಲ ಸುಲಭವಾಗಿ ಬೇರೆ ಕಡೆ ಹತ್ತುತ್ತವೆ. ಇವನ್ನು ಚೀಲಗಳಲ್ಲಿ ನೆಟ್ಟು ಮನೆಗಳಿಗೆ ಹಂಚಿಡಿ. ಪಾತಿಯ ಮೇಲಿನ ಅರ್ಧ ಅಡಿ ಮಣ್ಣು ನೀವು ತಯಾರಿಸಿದ್ದು, ಕೊಡುವ ಮೊದಲು ಕೇಳಿ ಎತ್ತಿಸಿಕೊಳ್ಳಿ, ಪಾಯ ತೆಗೆಯುವವರಿಗೆ ಅದು ಹೇಗೂ ಬೇಡ. ಜಾಲರಿ, ಕಲ್ಲು ಕಂಬ, ಚಪ್ಪಡಿ ಬಿಚ್ಚಿದರೆ ಇನ್ನೊಂದು ಸೈಟಿಗೆ ಬರುತ್ತವೆ. ಮೊದಲ ದಿನದ ಫೋಟೋ ಪಕ್ಕದಲ್ಲಿಟ್ಟುಕೊಂಡು ಸೈಟನ್ನು ಮಾಲೀಕರಿಗೆ ತೋರಿಸಿ, ಜಾಗ ಮರಳಿ ಪಡೆದಿದ್ದೇವೆ ಅಂತ ಅವರಿಂದ ಒಂದು ಸಾಲು ಬರೆಸಿಕೊಳ್ಳಿ. ಮುಂದಿನ ಸೈಟಿನ ಮಾಲೀಕರಿಗೆ ಫೋನ್ ಮಾಡುವಾಗ ಆ ಕಾಗದ ಮತ್ತು ಇವರ ನಂಬರು, ಇವೆರಡೂ ಕೈಯಲ್ಲಿರಬೇಕು.